ಭಾವನ ಉಬ್ಬಸವೂ ಕೆಂಪು ಕಾರಿನ ಸೀನೂ

ನಮ್ಮ ಕುಟುಂಬದಲ್ಲಿ ಭಯವು ಎಂದೂ ಹೇಳಿ ಕಳುಹಿಸಿ ಬಂದದ್ದಿಲ್ಲ; ನಗೆಯು ಎಂದೂ ಸಮಯಕ್ಕೆ ಸರಿಯಾಗಿ ಬಂದದ್ದಿಲ್ಲ. ಮೊದಲು ಮೈಯ ಕೂದಲು ನಿಮಿರುತ್ತದೆ, ಕೈಯಲ್ಲಿದ್ದ ತುತ್ತು ಕೈಯಲ್ಲಿಯೇ ನಿಲ್ಲುತ್ತದೆ. ಎಷ್ಟೋ ದಿನಗಳಾದ ಮೇಲೆ ಯಾರಾದರೊಬ್ಬರು ಊಟದ ನಡುವೆ ಅದನ್ನು ನೆನೆದು ನಗತೊಡಗುತ್ತಾರೆ. ಈ ಕಾರಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಹೇಳುವಾಗ ಈಗ ನಾನೂ ನಗುತ್ತೇನೆ. ಆದರೂ ಕತ್ತಲಾಗುವುದಕ್ಕೆ ಮುಂಚೆ ಹೇಳಿ ಮುಗಿಸುವುದು ನನ್ನ ವಾಡಿಕೆ.

೧. ಉಸಿರು

ನನ್ನ ಅಕ್ಕನ ಮನೆಯಿರುವುದು ಕೊತ್ತತ್ತಿಯಲ್ಲಿ. ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಅವರ ಒಬ್ಬನೇ ಮಗ, ನನ್ನ ಸೋದರಳಿಯ, ಕಬ್ಬು ಬೆಳೆಯುತ್ತಾನೆ, ಆಲೆಮನೆ ನಡೆಸುತ್ತಾನೆ. ವಯಸ್ಸು ನಲವತ್ತರ ಹೊಸ್ತಿಲಿಗೆ ಬಂದಿದ್ದರೂ ಅವನಿಗೆ ಮದುವೆಯಾಗಿರಲಿಲ್ಲ. ಗಂಡು ವ್ಯವಸಾಯಗಾರನೆಂದು ತಿಳಿದೊಡನೆ ಹೆಣ್ಣಿನ ಕಡೆಯವರು ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದುಬಿಡುವ ಕಾಲವಿದು. ಆ ಬೇಸರಕ್ಕೋ ಏನೋ, ಅವನು ಬೆಂಗಳೂರಿನ ಯಾರಿಂದಲೋ ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆಯೊರೆಸಿಕೊಂಡು ಓಡುವ ಕೆಂಪು ಟರ್ಬೊ ಕಾರೊಂದನ್ನು ಕೊಂಡು ತಂದ. ಅಕ್ಕ ಅದನ್ನು ಸುತ್ತಲೂ ನೋಡಿ, ಸೊಸೆ ಬಂದರೆ ತಾನು ಇದರ ಬೆನ್ನ ಮೇಲೆ ಕೂರಬೇಕೋ ಎಂದು ಕೇಳಿ ಒಳಗೆ ಹೋದಳು.

ಕಾರು ಅಷ್ಟಕ್ಕೇ ನಿಂತಿದ್ದರೆ ಈ ಪ್ರಸಂಗಗಳು ಹುಟ್ಟುತ್ತಿರಲಿಲ್ಲ. ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುವ ದಾರಿಗೆ ಇಂಟೇಕ್ ಎನ್ನುತ್ತಾರಂತೆ. ತಯಾರಿಸಿದವರು ಅಲ್ಲೊಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಕೂರಿಸಿ, ಆ ಉಸಿರಾಟದ ಸದ್ದು ಹೊರಗೆ ಕೇಳಿಸದಂತೆ ಮರ್ಯಾದೆಯಿಂದ ಮುಚ್ಚಿಟ್ಟಿದ್ದರು. ಅಳಿಯನಿಗೆ ಆ ಮರ್ಯಾದೆ ಬೇಡವಾಯಿತು. ಮಂಡ್ಯದ ಗ್ಯಾರೇಜೊಂದಕ್ಕೆ ಕೊಂಡೊಯ್ದ. ಗ್ಯಾರೇಜಿನವನು ಬಾನೆಟ್ಟು ಎತ್ತಿ ನೋಡಿ, ಈ ಕಾರಿಗೆ ಹುಟ್ಟಿದಾರಭ್ಯ ಮೂಗು ಕಟ್ಟಿದೆಯೆಂದು ರೋಗನಿದಾನ ಮಾಡಿದ. ಡಬ್ಬಿ ಹೋಯಿತು; ಅದರ ಜಾಗಕ್ಕೆ ಅಗಲವಾದ ಅಲ್ಯುಮಿನಿಯಂ ಕೊಳವೆಯೂ ಅದರ ತುದಿಗೆ ಶಂಕುವಿನಾಕಾರದ ತೆರೆದ ಫಿಲ್ಟರೂ ಬಂದವು. ಹೆಚ್ಚಾದ ಗಾಳಿಯನ್ನು ಬಿಡುವ ಕವಾಟವನ್ನೂ ಹೊರಮುಖವಾಗಿ ತಿರುಗಿಸಿದರು. ಪರಿಣಾಮವಿಷ್ಟು: ಆಕ್ಸಿಲರೇಟರ್ ಒತ್ತಿದರೆ ದೀರ್ಘವಾದ, ಎದೆಯ ಆಳದಿಂದ ಬಂದಂತಹ ಸುಂಯ್ ಎಂಬ ಉಚ್ಛ್ವಾಸ, ಕಾಲು ತೆಗೆದರೆ 'ಪಿಶ್ಶ್' ಎಂದು ಒಂದೇ ಒಂದು ಸೀನು.

ಇಲ್ಲಿ ಭಾವನ ವಿಷಯವನ್ನು ಹೇಳಬೇಕು. ಆಲೆಮನೆಯ ಹೊಗೆ ಕುಡಿದು ಕುಡಿದು ಅವರಿಗೆ ಉಬ್ಬಸ ಅಂಟಿಕೊಂಡಿತ್ತು. ಅದಕ್ಕಿಂತಲೂ ಪ್ರಸಿದ್ಧವಾದದ್ದು ಅವರ ಒಂಟಿ ಸೀನು. ನಮ್ಮ ಕಡೆ ಹೊರಡುವಾಗ ಯಾರಾದರೂ ಒಮ್ಮೆ ಸೀನಿದರೆ ಕುಳಿತು ನೀರು ಕುಡಿದು ಆಮೇಲೆ ಹೊರಡಬೇಕು. ಎರಡು ಸೀನಾದರೆ ಶುಭ, ಹಾಗೆಯೇ ನಡೆಯಬಹುದು. ಭಾವನದು ಜನ್ಮದಲ್ಲಿ ಎರಡಾಗಲಿಲ್ಲ. ಅಕ್ಕನನ್ನು ನೋಡಲು ಬಂದ ದಿನವೂ ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ಒಂದೇ ಸೀನು ಸೀನಿದರು. ನಮ್ಮಜ್ಜಿ ನಶ್ಯದ ಡಬ್ಬಿಗಾಗಿ ಮಡಿಲಲ್ಲಿ ತಡಕಾಡುತ್ತಿದ್ದ ಕೈಯನ್ನು ಅಲ್ಲಿಯೇ ನಿಲ್ಲಿಸಿ, ಈ ಸಂಬಂಧ ಆಗದೆಂದಳು. ಅಷ್ಟರಲ್ಲಿ ಮನೆಯೊಳಗೆ ಎಲ್ಲಿಂದಲೋ ಇನ್ನೊಂದು ಸೀನು ಕೇಳಿಬಂತು. ಜೋಡಿಯಾಯಿತು, ಮಾತು ಮುಂದುವರಿಯಿತು. ಅದು ಮನೆದೇವರ ಸೀನೆಂದೇ ಅಜ್ಜಿ ಸಾಯುವವರೆಗೆ ನಂಬಿದ್ದಳು.

ಅಳಿಯ ಗ್ಯಾರೇಜಿನಿಂದ ಕಾರನ್ನು ತಂದಾಗ ಮುಸ್ಸಂಜೆ. ನಾನು ಜಗಲಿಯ ಮೇಲಿದ್ದೆ. ಅಕ್ಕ ಒಳಗೆ ದೀಪದ ಬತ್ತಿ ಹೊಸೆಯುತ್ತಿದ್ದಳು. ಹುಲ್ಲುಮೆದೆಯ ಆಚೆಯಿಂದ ಮೊದಲು ಕಾರು ಕಾಣಲಿಲ್ಲ; ಉಸಿರು ಬಂತು. ಎಳೆದೆಳೆದು ಬಂದ ಆ ಉಬ್ಬಸ ಅಂಗಳದ ಅಂಚಿಗೆ ಬಂದು ನಿಂತಿತು. ಮರುಕ್ಷಣ 'ಪಿಶ್ಶ್' ಎಂದಿತು. ನಾನು ಕುಳಿತಲ್ಲಿಂದ ಎದ್ದು ನಿಂತೆ. ಅಕ್ಕ ಮಾತ್ರ ತಲೆಯೆತ್ತದೆ, ದಿನವೂ ಆಡುವ ಮಾತಿನಂತೆ, "ಬಂದ್ರಾ? ಕಾಲ್ ತೊಳ್ಕಳಿ, ಬಿಸ್ನೀರಿಟ್ಟಿವ್ನಿ" ಎಂದಳು.

ಕಾರಿನೊಳಗಿನಿಂದ ಅಳಿಯನ ಕ್ಷೀಣಸ್ವರ: "ಅವ್ವ, ನಾನು ಕಣವ್ವ."

"ನೀನ್ ಸುಮ್ಕಿರ್ಲಾ. ನಿಮ್ಮಪ್ಪನ್ನ ಮಾತಾಡುಸ್ತಿವ್ನಿ."

೨. ಕಬ್ಬಿನೊಳಗಿನ ಪ್ರಾಣಿ

ಕೊತ್ತತ್ತಿಯ ನಾಲೆಯ ಏರಿಯ ಮೇಲೆ ಬೆಳಗ್ಗೆ ಮಂಜಿಳಿದಾಗ ಎರಡೂ ಕಡೆಯ ಕಬ್ಬು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆಳೆತ್ತರವನ್ನು ಮೀರಿದ ಕಬ್ಬಿನ ಮಧ್ಯೆ, ಮೊಳಕಾಲೆತ್ತರದ ಕಾರು ಹೋಗುತ್ತಿದ್ದರೆ ಅದರ ಉಸಿರಷ್ಟೇ ಲೋಕಕ್ಕೆ ತಿಳಿಯುತ್ತದೆ. ಕಬ್ಬು ಕಡಿಯುವವರು ಅದನ್ನು ಒಂದು ದಿನ ಕೇಳಿದರು, ಎರಡನೆಯ ದಿನ ಕೇಳಿದರು. ಮೂರನೆಯ ದಿನ ಕತ್ತಿಗಳನ್ನು ಗದ್ದೆಯಲ್ಲಿಯೇ ಬಿಟ್ಟು ಊರೊಳಗೆ ಬಂದು ಕುಳಿತರು. ಕೆಲವರು ಚಿರತೆಯೆಂದರು. ಕೆಲವರು ಹೆಸರು ಹೇಳಲೊಲ್ಲದೆ ನೆಲಕ್ಕೆ ಉಗುಳಿದರು. ತನ್ನ ಆಲೆಮನೆಗೆ ಕಬ್ಬು ಬಾರದಿರುವುದನ್ನು ಕಂಡು ಅಳಿಯನೇ ಎಲ್ಲರಿಗಿಂತ ಮುಂದಾಗಿ ಹೋಗಿ, ಚಿರತೆ ಹಿಡಿಯಬೇಕೆಂದು ಅರ್ಜಿ ಕೊಟ್ಟು ಬಂದ.

ಬೋನು ಬಂತು, ಬೋನಿನೊಳಗೆ ಒಂದು ನಾಯಿಯೂ ಬಂತು. ಜತೆಗೆ ಅರಣ್ಯದವರ ಕಡೆಯ ವಯಸ್ಸಾದ ವಾಚರೊಬ್ಬ ಬಂದು ಮೋರಿಯ ಮೇಲೆ ಕುಳಿತ. ನಾನು ವಾಯುಸೇವನೆಗೆ ಹೊರಟವನು ಅಲ್ಲಿದ್ದವರ ಗುಂಪಿನಲ್ಲಿ ಸೇರಿಕೊಂಡೆ. ಮಂಜಿನೊಳಗೆ ಮೊದಲು ಹಕ್ಕಿಗಳು ಸುಮ್ಮನಾದವು. ಬಳಿಕ ಆ ಉಸಿರು ಹೊರಟಿತು. ಕಬ್ಬಿನ ಗರಿಗಳು ಒಂದೇ ದಿಕ್ಕಿಗೆ ಬಾಗಿದವು. ಬೋನಿನ ನಾಯಿ ಬೊಗಳುವುದನ್ನು ಮರೆತು ಮೂಲೆಗೆ ಸರಿದು ಮುದುರಿ ಕುಳಿತಿತು. ಅದು ಕಾರೆಂದು ಬಲ್ಲ ನಾನೂ ಪಕ್ಕದವನ ಹೆಗಲು ಹಿಡಿದುಕೊಂಡೆ. ಉಸಿರು ನಮ್ಮನ್ನು ಹಾಯ್ದು, ರಸ್ತೆಯುಬ್ಬಿನ ಬಳಿ ಒಮ್ಮೆ ಸೀನಿ, ಕ್ಷಣಕಾಲ ನಿಂತಂತಾಗಿ, ಮತ್ತೆ ಏರಿ, ದೂರವಾಯಿತು.

ವಾಚರು ಬೀಡಿಯ ತುದಿಯನ್ನು ಮೋರಿಗೆ ಒರಸಿ ಎದ್ದು, ಬೋನನ್ನು ಎತ್ತಿಸಿಕೊಂಡು ಹೋಗಿ ಎಂದ. ಕಾರಣ ಕೇಳಿದ್ದಕ್ಕೆ ನಿಧಾನವಾಗಿ ವಿವರಿಸಿದ:

"ಚಿರ್ತೆ ಅಲ್ಲ ಕಣ್ರಪ್ಪ. ಇದು ರೋಡ್ ಅಂಪ್ ಬಂದ ಕಡೆ ನೋಡ್ಕಂಡು ನಿಧಾನಕ್ಕೆ ಓಯ್ತದೆ."

೩. ಧೂಪ

ಇದೇ ಸಮಯದಲ್ಲಿ ಶಿವನಸಮುದ್ರದಿಂದ ಒಂದು ಸಂಬಂಧ ಬಂತು. ತಂದೆ ಅಲ್ಲಿಯ ವಿದ್ಯುದಾಗಾರದಲ್ಲಿ ಕೆಲಸ ಮಾಡುವವರು. ಮಗಳೂ ಎಂಜಿನಿಯರಾಗಿ ಅಲ್ಲಿಯೇ. ಗಂಡು ವ್ಯವಸಾಯಗಾರನೆಂದು ಮೊದಲೇ ತಿಳಿಸಿದ್ದರೂ ಬೇಡವೆನ್ನದ ಮೊದಲ ಹೆಣ್ಣು ಅದು. ಅಳಿಯ ಆ ಸುದ್ದಿಯನ್ನು ನನಗೆ ಹೇಳುವಾಗ ಅವನ ಧ್ವನಿಯಲ್ಲಿದ್ದ ಎಚ್ಚರಿಕೆಯನ್ನು ಕೇಳಿ ನನಗೆ ಕನಿಕರವಾಯಿತು. ತುಂಬಿದ ಕೊಡವನ್ನು ಹೊತ್ತವನಂತೆ ಮಾತಾಡುತ್ತಿದ್ದ. ಇದೂ ತಪ್ಪಿದರೆ ಇನ್ನು ಯಾರನ್ನೂ ನೋಡಲು ಹೋಗುವುದಿಲ್ಲವೆಂದು ಅವನು ಆಗಲೇ ನಿಶ್ಚಯಿಸಿದ್ದ.

ಆದರೆ ಅಕ್ಕ ಕದಲಲೊಲ್ಲಳು. ಕಾರಿನಲ್ಲಿರುವವರು ಭಾವನೇ ಹೌದೋ ಅಲ್ಲವೋ ಮೊದಲು ತೀರ್ಮಾನವಾಗಬೇಕು. ಹೌದಾದರೆ ಅವರ ಒಪ್ಪಿಗೆಯಿಲ್ಲದೆ ತಾನು ಹೆಣ್ಣು ನೋಡಲು ಬರುವುದಿಲ್ಲವೆಂದಳು. ಉಬ್ಬಸದ ವಿಷಯವಾದ್ದರಿಂದ ವೈದ್ಯನಾಥನ ಸನ್ನಿಧಿಯೇ ಸರಿಯೆಂದು ನಾವು ಮದ್ದೂರಿನ ಬಳಿಯ ವೈದ್ಯನಾಥಪುರಕ್ಕೆ ಹೊರಟೆವು. ಅಕ್ಕ ಮುಂದೆ, ನಾನು ಹಿಂದಿನ ಸೀಟಿನಲ್ಲಿ ಗರ್ಭಸ್ಥ ಶಿಶುವಿನ ಭಂಗಿಯಲ್ಲಿ.

ದೇವಾಲಯದಿಂದ ಸ್ವಲ್ಪ ದೂರದಲ್ಲಿ, ಮರದ ನೆರಳಿನಲ್ಲಿ, ವಾಹನಪೂಜೆ ಮಾಡಿಕೊಡುವ ಪುರೋಹಿತರೊಬ್ಬರು ಸಿಕ್ಕಿದರು. ಬಹಳ ಬಿಡುವಿಲ್ಲದವರು, ಟ್ರ್ಯಾಕ್ಟರು, ಬೈಕು, ಲಾರಿ ಎಲ್ಲಕ್ಕೂ ಒಂದೇ ವೇಗದ ಮಂತ್ರ. ಎಂಜಿನ್ನು ಚಾಲೂ ಇರಲಿ ಎಂದು ಅಕ್ಕ ಹೇಳಿದಳು. ಅವರು ಕಾಯಿ ಒಡೆದು, ಸಾಂಬ್ರಾಣಿಯ ಧೂಪವನ್ನು ಕಾರಿನ ಮೋರೆಯ ಮುಂದೆ ಹಿಡಿದರು. ಧೂಪವು ಮೇಲೇರುವುದು ಲೋಕಧರ್ಮ. ಈ ಧೂಪ ಏರಲಿಲ್ಲ. ಒಂದು ಕ್ಷಣ ತಡೆದು, ಯೋಚಿಸಿದಂತೆ ಮಾಡಿ, ಬಿಳಿಯ ಹಗ್ಗದ ಹಾಗೆ ನೇರವಾಗಿ ಮುಂದೆ ಸರಿದು ಕಾರಿನ ಜಾಲರಿಯೊಳಗೆ ಹೊಕ್ಕಿತು. ಹೊಸ ಫಿಲ್ಟರು ಹೀರುತ್ತಿತ್ತು. ಹೊಗೆಯ ಒಂದೆಳೆಯೂ ಹೊರಗುಳಿಯಲಿಲ್ಲ. ಮಂತ್ರದ ವೇಗ ಇಳಿಯಿತು. ಆಮೇಲೆ ಮಂತ್ರವೇ ನಿಂತಿತು. ಅಕ್ಕ ಕೈಮುಗಿದು, ನನ್ನ ಕಡೆ ತಿರುಗದೆಯೇ, "ಓಗೆ ಕಂಡ್ರೆ ಬುಡೋರಲ್ಲ ಕಣ್ಲಾ ನಿಮ್ ಭಾವ" ಎಂದಳು. ಅವಳ ಮಟ್ಟಿಗೆ ತೀರ್ಮಾನವಾಯಿತು.

ಪುರೋಹಿತರು ಬೆವರೊರೆಸಿಕೊಂಡು ಅಳಿಯನನ್ನು ಪಕ್ಕಕ್ಕೆ ಕರೆದರು. ಶಾಂತಿಯನ್ನೋ ಪ್ರಾಯಶ್ಚಿತ್ತವನ್ನೋ ವಿಧಿಸುತ್ತಾರೆಂದು ನಾನು ಹತ್ತಿರ ಹೋದೆ. ಅವರು ಕೈಮುಗಿದು ಹೇಳುತ್ತಿದ್ದರು:

"ಸ್ವಾಮಿ, ಆಫ್ ಮಾಡಬೇಡಿ. ಇಷ್ಟು ವರ್ಷ ಕೊಟ್ಟದ್ದನ್ನು ಕಣ್ಣೆದುರಿಗೆ ತಗೊಂಡವರು ಇವರೊಬ್ಬರೇ. ನಮ್ಮ ಮನೆಯವರನ್ನ ಕರ್ಕೊಂಡು ಬರ್ತೀನಿ."

೪. ಮುಚ್ಚಿದ ಮೂಗು

ಅಂದಿನಿಂದ ಕಾರಿನೊಳಗೆ ಸದಾ ಸಾಂಬ್ರಾಣಿಯ ವಾಸನೆ. ಏಸಿ ಹಾಕಿದರಂತೂ ಹಗಲಲ್ಲಿಯೂ ತಿಥಿಯ ಮನೆಗೆ ಹೊಕ್ಕಂತಾಗುತ್ತಿತ್ತು. ಅಳಿಯನಿಗೇ ಅಂಜಿಕೆ ಹತ್ತಿತು; ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುವುದನ್ನು ಬಿಟ್ಟುಬಿಟ್ಟಿದ್ದೇನೆಂದು ನನ್ನೊಡನೆ ಹೇಳಿದ. ಇಂತಹ ವಾಹನದಲ್ಲಿ ಹೆಣ್ಣಿನ ಮನೆಯ ಮುಂದೆ ಇಳಿದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆಂದು ಯೋಚಿಸಿ, ಯಾರಿಗೂ ಹೇಳದೆ ಗ್ಯಾರೇಜಿಗೆ ಹೋಗಿ ಹೊಸ ಕೊಳವೆಯನ್ನು ತೆಗೆಸಿ, ಕವಾಟವನ್ನೂ ಒಳಮುಖ ಮಾಡಿಸಿ, ಹಳೆಯ ಕಪ್ಪು ಡಬ್ಬಿಯನ್ನೇ ಕೂರಿಸಿಕೊಂಡು ಬಂದ. ಕಾರು ಸದ್ದಿಲ್ಲದೆ ಅಂಗಳಕ್ಕೆ ಬಂತು.

ಅಕ್ಕ ಬಿಸಿನೀರಿನ ಚೆಂಬು ಹಿಡಿದು ಬಾಗಿಲಲ್ಲಿ ಕಾದಳು. ಉಸಿರಿಲ್ಲ, ಸೀನಿಲ್ಲ. ಕಾರಿನ ಹತ್ತಿರ ಹೋಗಿ ಬಾನೆಟ್ಟಿಗೆ ಕಿವಿಯಿಟ್ಟಳು. ಆಮೇಲೆ ಚೆಂಬನ್ನು ಅಲ್ಲಿಯೇ ಇಟ್ಟು ಹೋಗಿ ಗೋಡೆಯ ಕಡೆ ಮುಖಮಾಡಿ ಮಲಗಿದಳು. ಮರುದಿನ ಊಟ ಬೇಡವೆಂದಳು. ಸಂಧಾನಕ್ಕೆಂದು ಹೋದ ನನಗೆ ಸಿಕ್ಕಿದ ಉತ್ತರ ಇಷ್ಟೇ: ಬದುಕಿದ್ದಾಗ ಉಬ್ಬಸ ಬಂದು ಅವರ ಉಸಿರು ನಿಂತಿತು, ಸತ್ತ ಮೇಲೆ ಮಗ ಡಬ್ಬಿ ಹಾಕಿ ನಿಲ್ಲಿಸಿದ. ನಾನು ಎದ್ದು ಬಂದು ಅದನ್ನು ಹಾಗೆಯೇ ಅಳಿಯನಿಗೆ ಒಪ್ಪಿಸಿದೆ.

ಅಳಿಯ ಮತ್ತೆ ಗ್ಯಾರೇಜಿಗೆ ಓಡಿದ. ಗ್ಯಾರೇಜಿನವನು, ಬೆಳಗ್ಗೆ ಹಾಕಿಸಿ ಸಂಜೆ ತೆಗೆಸುವ ಗಿರಾಕಿಗಳನ್ನು ನೋಡಿದ್ದೇನೆ, ತೆಗೆಸಿದ್ದನ್ನೇ ಮತ್ತೆ ಹಾಕಿಸುವವರನ್ನು ಕಂಡಿಲ್ಲ, ಕಾರಣವಾದರೂ ಹೇಳಿ ಎಂದನಂತೆ.

"ನಮ್ಮವ್ವ ಅನ್ನ ಬುಟ್ಟವ್ಳೆ ಕಣಣ್ಣ. ನಮ್ಮಪ್ಪನ್ ಮೂಗು ಬುಚ್ಚು" ಎಂದನಂತೆ ಅಳಿಯ.

೫. ನೀರು ಕುಡಿದ ಪಯಣ

ಮೂಗು ತೆರೆದು ಬಂದ ಕಾರು ಅಂಗಳದಲ್ಲಿ ಉಸಿರೆಳೆದದ್ದನ್ನೇ ಅಕ್ಕ ಭಾವನ ಒಪ್ಪಿಗೆಯೆಂದು ತಿಳಿದಳು; ಕಡೆಗೂ ಶಿವನಸಮುದ್ರಕ್ಕೆ ಹೊರಟೆವು. ಇದೇ ಕಾರು, ಏಕೆಂದರೆ ಗಂಡಿನ ತಂದೆ ಬಾರದೆ ಹೆಣ್ಣು ನೋಡುವ ಶಾಸ್ತ್ರವುಂಟೆ? ಮನೆಯ ತಿರುವಿನಲ್ಲಿಯೇ ಅಳಿಯ ಕಾಲು ಸಡಿಲಿಸಿದ, 'ಪಿಶ್ಶ್' ಎಂದಿತು. ಒಂಟಿ ಸೀನು. ಅಕ್ಕ ನಿಲ್ಲಿಸೆಂದಳು. ಇಳಿದೆವು, ಕಲ್ಲಿನ ಮೇಲೆ ಕುಳಿತೆವು, ನೀರು ಕುಡಿದೆವು, ಹತ್ತಿದೆವು. ಮುಂದಿನ ತಿರುವಿನಲ್ಲಿ ಮತ್ತೆ ಸೀನು. ಮತ್ತೆ ಇಳಿದೆವು. ಮಂಡ್ಯ ದಾಟುವಷ್ಟರಲ್ಲಿ ನನ್ನ ಮೊಣಕಾಲುಗಳು ಅವುಗಳದೇ ಭಾಷೆಯಲ್ಲಿ ಮಾತಾಡತೊಡಗಿದವು. ಮದ್ದೂರಿನ ಆಚೆ ಅಳಿಯ ಹೊಸ ಉಪಾಯ ಹೂಡಿದ: ಕಾಲನ್ನು ತೆಗೆಯುವುದೇ ಇಲ್ಲ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದರೂ ಕಾಲೆತ್ತದೆ, ಕಣ್ಣುಮುಚ್ಚಿ ಪಕ್ಕಕ್ಕೆ ತಿರುಗಿಸುತ್ತಿದ್ದ. ಆಗ ಅಕ್ಕ ಡ್ಯಾಶ್‌ಬೋರ್ಡಿನ ಕಡೆ ಬಾಗಿ, ಮೆಲ್ಲಗೆ, "ಅವ್ನು ಉಡುಗ, ನೀವಾದ್ರೂ ನೋಡ್ಕಂಡು ನಡೀರಿ" ಎನ್ನುತ್ತಿದ್ದಳು. ನಡುಹಗಲ ಬಿಸಿಲು, ನಿರ್ಜನವಾದ ರಸ್ತೆ, ಸಾಂಬ್ರಾಣಿಯ ವಾಸನೆ, ಮುಂದಿನಿಂದ ಎಳೆದೆಳೆದು ಬರುವ ಉಸಿರು. ಆ ಮಾತು ಮುಗಿದೊಡನೆ ಕಾರಿನ ವೇಗ ತಾನಾಗಿ ತಗ್ಗಿದಂತೆ ನನಗೆ ತೋರಿತು. ಅಳಿಯನನ್ನು ನೋಡಿದೆ. ಅವನ ಕಾಲು ಒತ್ತಿದಂತೆಯೇ ಇತ್ತು. ಏರುದಾರಿ ಇದ್ದಿರಬೇಕೆಂದು ನಾನು ಇಂದಿಗೂ ಸಮಾಧಾನ ಹೇಳಿಕೊಳ್ಳುತ್ತೇನೆ.

ಮಳವಳ್ಳಿಯ ಬಳಿ ಕಾರು ಮತ್ತೆ ನಿಂತಿತು. ಈ ಸಲ ಸೀನಿರಲಿಲ್ಲ. ಅದುವರೆಗೆ ಸೀನುಗಳಿಗಾಗಿ ಕುಡಿದಿದ್ದ ನೀರಿಗಾಗಿ ನಾನೇ ನಿಲ್ಲಿಸಿದೆ.

೬. ಜೋಡಿ

ಹೆಣ್ಣಿನ ಮನೆ ವಿದ್ಯುದಾಗಾರದವರ ವಸತಿಯ ಸಾಲಿನಲ್ಲಿ ಕೊನೆಯದು. ದೂರದಲ್ಲಿ ನದಿ ಬೀಳುವ ಸದ್ದು. ತಲೆಯ ಮೇಲೆ ತಂತಿಗಳ ಗುಂಯ್ಗುಡುವಿಕೆ. ಅಳಿಯ ಕಾರು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ನನ್ನನ್ನು ಹಿಂದಿನ ಸೀಟಿನಿಂದ ಎಳೆದು ಬಿಡಿಸಿದ. ಹೆಣ್ಣಿನ ತಂದೆ ಕೈಜೋಡಿಸಿ ಎದುರು ಬಂದರು. ಹೊಸ್ತಿಲಲ್ಲಿ ಹೆಣ್ಣಿನ ಅಜ್ಜಿ ಕಾಲಿಗೆ ನೀರು ಹಿಡಿದು ನಿಂತಿದ್ದರು.

ನಾವು ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಸ್ಪಷ್ಟವಾಗಿ ಕೇಳಿಸಿತು: 'ಪಿಶ್ಶ್.'

ತಿರುಗಿ ನೋಡಿದೆವು. ಕಾರು ನಿಶ್ಚಲವಾಗಿ ನಿಂತಿತ್ತು. ಅದರೊಳಗೆ ಯಾರೂ ಇರಲಿಲ್ಲ. ಅಳಿಯ ನನ್ನ ಕಿವಿಯ ಬಳಿ, "ಮಾವ, ಕೀ ನನ್ ಜೋಬ್ನಾಗದೆ" ಎಂದ.

ಅಜ್ಜಿ ನೀರಿನ ಚೆಂಬನ್ನು ಕೆಳಗಿಟ್ಟರು. "ಒಂಟಿ ಸೀನು. ಇವತ್ತು ಬ್ಯಾಡ ಕಣಪ್ಪ" ಎಂದು ಮಗನಿಗೆ ಹೇಳಿದರು. ಹೆಣ್ಣಿನ ತಂದೆ ತಮ್ಮ ತಾಯಿಯ ಮಾತಿಗೆ ಎದುರಾಡುವವರಲ್ಲವೆಂದು ಅವರ ಮುಖದಲ್ಲಿಯೇ ಬರೆದಿತ್ತು. ನೀರು ಕುಡಿದು ಹೋಗಬಹುದಲ್ಲವೆ ಎಂದು ನಾನು ಮೆಲ್ಲಗೆ ಸೂಚಿಸಿದೆ. ಹೊರಡುವುದಕ್ಕೆ ಅದು ಸಾಕು, ಸಂಬಂಧಕ್ಕೆ ಸಾಲದೆಂದರು. ಅಳಿಯ ತಲೆ ತಗ್ಗಿಸಿ ತನ್ನ ಹೊಸ ಚಪ್ಪಲಿಗಳನ್ನು ನೋಡುತ್ತಿದ್ದ. ಅಕ್ಕ ಮಾತ್ರ ಕಾರಿನ ಕಡೆ ದಿಟ್ಟಿಸುತ್ತಿದ್ದಳು. ತಲೆಯ ಮೇಲೆ ತಂತಿಗಳು ಗುಂಯ್ಗುಡುತ್ತಿದ್ದವು.

ಆಗ ಮತ್ತೊಮ್ಮೆ, ಮೊದಲಿಗಿಂತಲೂ ದೀರ್ಘವಾಗಿ, 'ಪಿಶ್ಶ್ಶ್' ಎಂದಿತು. ಕಾರಿನಿಂದಲೋ, ಗಾಳಿಯಿಂದಲೋ, ಮನೆಯಿಂದಲೋ, ಎಲ್ಲಿಂದ ಬಂತೆಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ. ಅಜ್ಜಿಯ ಮುಖ ಅರಳಿತು. ಜೋಡಿಯಾಯಿತು, ಬನ್ನಿ ಎಂದು ಚೆಂಬನ್ನು ಮತ್ತೆ ಕೈಗೆತ್ತಿಕೊಂಡರು.

ಹುಡುಗಿ ಕಾಫಿ ತಂದಾಗ ಅವಳ ಕನ್ನಡಕದ ಗಾಜುಗಳ ಮೇಲೆ ಹಬೆ ಕಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡು, ಇಂಟೇಕ್ ಬದಲಾಯಿಸಿದ್ದೀರಾ ಎಂದು ಅಳಿಯನನ್ನು ಕೇಳಿದಳು. ಅದುವರೆಗೆ ಹೆಣ್ಣಿನ ಮನೆಗಳಲ್ಲಿ ಜಮೀನಿನ ಪ್ರಶ್ನೆಗೇ ಉತ್ತರ ಹೇಳಿ ಬಂದಿದ್ದವನು, ಮೊದಲ ಸಲ ತಲೆಯೆತ್ತಿ ಹೌದೆಂದ. ತಮ್ಮ ವಿದ್ಯುದಾಗಾರದ ಟರ್ಬೈನೂ ಕಾರಿನ ಟರ್ಬೊ ಚಕ್ರವೂ ಒಂದೇ ವಂಶದವು, ಅದು ನೀರಿನ ರಭಸಕ್ಕೆ ತಿರುಗಿದರೆ ಇದು ಹೊಗೆಯ ರಭಸಕ್ಕೆ ತಿರುಗುತ್ತದೆ ಎಂದು ಅವಳು ಹೇಳಿದಳು. ಕಾಫಿ ಆರಿತು. ಯಾರ ಲೋಟವೂ ಅರ್ಧಕ್ಕೆ ನಿಲ್ಲಲಿಲ್ಲ.

ಮದುವೆಯಾಗಿ ಕೆಲವು ತಿಂಗಳು ಕಳೆದ ಮೇಲೆ, ಕೊತ್ತತ್ತಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ, ಸೊಸೆ ಇದ್ದಕ್ಕಿದ್ದಂತೆ ನಗತೊಡಗಿದಳು. ಅಂದು ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳಂತೆ. ಅಜ್ಜಿ ಚೆಂಬನ್ನು ಇಳಿಸಿದ್ದೂ, ಇವನು ಚಪ್ಪಲಿ ನೋಡುತ್ತ ನಿಂತದ್ದೂ ಕಂಡು, ಒಲೆಯ ಮೇಲಿದ್ದ ಕುಕ್ಕರಿನ ವೆಯ್ಟನ್ನು ಸೌಟಿನಿಂದ ಮೇಲೆತ್ತಿದಳಂತೆ. ಕವಾಟ ಯಾವುದಾದರೇನು, ಒಳಗಿನ ಒತ್ತಡ ಹೊರಗೆ ಹೋಗುವ ಸದ್ದು ಒಂದೇ ಎಂದು ನಮಗೆ ತಿಳಿಹೇಳಿದಳು.

ನಾನೂ ಅಳಿಯನೂ ಹೆದರಿ ಅಕ್ಕನ ಕಡೆ ನೋಡಿದೆವು. ಅಕ್ಕ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ. ಇಷ್ಟು ವರ್ಸ ಒಲೆ ಮುಂದೆ ಕುಂತೋಳ್ಗೆ ಕುಕ್ಕರ್ ಯಾವ್ದು, ಗಂಡ ಯಾವ್ದು ಅಂತ ಗೊತ್ತಾಗಾಕಿಲ್ವಾ? ಎರಡನೇದು ನಿಂದು. ಮೊದಲ್ನೇದು ಅವ್ರುದು."

ಸೊಸೆಯ ನಗು ನಿಂತಿತು. ಅಳಿಯನ ಎಡಗೈ ತನಗರಿವಿಲ್ಲದೆ ಕೀಲಿಯಿದ್ದ ಜೇಬನ್ನು ಮುಟ್ಟಿಕೊಂಡಿತು. ನಾನು ಧೈರ್ಯ ತಂದುಕೊಂಡು, ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀಯೆಂದು ಅಕ್ಕನನ್ನು ಕೇಳಿದೆ. ಅವಳು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ನನ್ನನ್ನು ನೋಡಿದಳು.

"ಅವತ್ತು ನಮ್ಮನೆ ಒಸ್ಲಲ್ಲೂ ಒಂಟಿ ಸೀನೇ ಅಲ್ವೇನ್ಲಾ ಅವ್ರು ಸೀನಿದ್ದು? ಜೋಡಿ ಮಾಡ್ದೋಳು ನಾನು. ಆಗ ಕುಕ್ಕರ್ ಎಲ್ಲಿತ್ತು? ಅಜ್ಜಿ ನಸ್ಯದ ಡಬ್ಬಿ ಇತ್ತು."